ಮನೆಯ ಜಾಲದಲ್ಲಿ ವಿಡಿಯೊ ತಡವರಿಸಿದಾಗ: ದೋಷ ಪತ್ತೆಯ ಸಮಗ್ರ ಮಾರ್ಗದರ್ಶಿ

ಟಿವಿಯಲ್ಲಿ ವಿಡಿಯೊ ನಿಂತು ನಿಂತು ಓಡತೊಡಗಿದರೆ ಹೆಚ್ಚಿನ ಮನೆಗಳಲ್ಲಿ ಮೊದಲು ಬರುವ ತೀರ್ಮಾನ ಇಂಟರ್‌ನೆಟ್ ಪ್ಲಾನ್ ಸಾಲುತ್ತಿಲ್ಲ ಎಂಬುದು. 50 ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಅಳತೆ) ಇದ್ದದ್ದು 100 ಆಗುತ್ತದೆ, 100 ಇದ್ದದ್ದು 300 ಆಗುತ್ತದೆ, ತಿಂಗಳ ಬಿಲ್ಲೂ ಏರುತ್ತದೆ. ಆದರೂ ಪರದೆಯ ಮೇಲಿನ ಚಕ್ರ ಸುತ್ತುವುದು ನಿಲ್ಲುವುದಿಲ್ಲ. ವಿಡಿಯೊ ಹೊರಡುವ ಸರ್ವರ್, ಕಂಪನಿಯಿಂದ ಮನೆಗೆ ಬರುವ ಲೈನ್, ರೌಟರ್, ರೌಟರ್‌ನಿಂದ ಟಿವಿಯವರೆಗಿನ ವೈಫೈ ಅಥವಾ ಕೇಬಲ್, ಕೊನೆಗೆ ವಿಡಿಯೊವನ್ನು ಬಿಡಿಸಿ ತೋರಿಸುವ ಸಾಧನ, ಈ ಐದರಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಕೆಟ್ಟಿರುತ್ತದೆ; ಪ್ಲಾನ್ ಏರಿಸಿದರೆ ಸರಿಹೋಗುವುದು ಎರಡನೆಯದು ಮಾತ್ರ. ಆದ್ದರಿಂದ ಯಾವುದು ಕೆಟ್ಟಿದೆ ಎಂದು ತಿಳಿಯುವವರೆಗೆ ಹಣ ಖರ್ಚು ಮಾಡಬಾರದು ಎಂಬುದೇ ಇಲ್ಲಿ ಅನುಸರಿಸಿರುವ ಕ್ರಮ.

ಇನ್ನೊಂದು ನಿಯಮವನ್ನು ಆರಂಭದಲ್ಲೇ ಹೇಳಿಬಿಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಫಲಿತಾಂಶವನ್ನು ಬರೆದಿಡಿ. ಚಾನೆಲ್ ಬದಲಿಸಿ, ರೌಟರ್ ಸರಿಸಿ, ಆ್ಯಪ್ ಅಪ್‌ಡೇಟ್ ಮಾಡಿ, ಎಲ್ಲವನ್ನೂ ಒಂದೇ ಸಂಜೆ ಮುಗಿಸಿದರೆ ವಿಡಿಯೊ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ಸಲ ಕೆಟ್ಟಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಹೆಜ್ಜೆ 1: ಪರದೆಯ ಮೇಲೆ ನಿಜವಾಗಿ ಏನಾಗುತ್ತಿದೆ ಎಂದು ನೋಡಿ

‘ವಿಡಿಯೊ ಸರಿಯಾಗಿ ಬರುತ್ತಿಲ್ಲ’ ಎಂಬ ಒಂದೇ ದೂರಿನೊಳಗೆ ಹಲವು ಬೇರೆ ಬೇರೆ ದೋಷಗಳಿರಬಹುದು. ಚಿತ್ರ ಪೂರ್ತಿ ನಿಂತು, ಚಕ್ರ ಸುತ್ತಿ, ಕೆಲವು ಸೆಕೆಂಡುಗಳ ನಂತರ ಮತ್ತೆ ಓಡಿದರೆ ಅದು ಬಫರಿಂಗ್; ಡೇಟಾ ಸಮಯಕ್ಕೆ ಬಂದು ತಲುಪುತ್ತಿಲ್ಲ ಎಂದರ್ಥ. ಚಿತ್ರ ನಿಲ್ಲದೆ ಮಸುಕಾಗಿ, ಮುಖಗಳೆಲ್ಲ ಚೌಕಚೌಕವಾಗಿ ಕಂಡು, ಆಮೇಲೆ ತಿಳಿಯಾದರೆ ಅದೂ ಡೇಟಾದ ಕೊರತೆಯೇ, ಆದರೆ ಪ್ಲೇಯರ್ ಜಾಣತನದಿಂದ ಕಡಿಮೆ ಗುಣಮಟ್ಟಕ್ಕೆ ಇಳಿದು ನಿಲುಗಡೆಯನ್ನು ತಪ್ಪಿಸಿಕೊಂಡಿದೆ. ಚಕ್ರವೂ ಇಲ್ಲ, ಮಸುಕೂ ಇಲ್ಲ, ಧ್ವನಿ ಸರಾಗವಾಗಿ ಬರುತ್ತಿದೆ, ಚಿತ್ರ ಮಾತ್ರ ಹಾರಿ ಹಾರಿ ಓಡುತ್ತಿದೆ ಎಂದಾದರೆ ಜಾಲವನ್ನು ದೂರುವುದು ಅನ್ಯಾಯ. ಟಿವಿಯ ಅಥವಾ ಅದಕ್ಕೆ ಚುಚ್ಚಿದ ಸ್ಟ್ರೀಮಿಂಗ್ ಸ್ಟಿಕ್‌ನ ಪ್ರೊಸೆಸರ್ ಆ ವಿಡಿಯೊವನ್ನು ಬಿಡಿಸಲು ಹೆಣಗುತ್ತಿರುವ ಸಾಧ್ಯತೆಯೇ ಹೆಚ್ಚು. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯಗಳಲ್ಲಿ ಮಾತ್ರ, ಅದೂ ಒಂದೇ ಲಯದಲ್ಲಿ ಚಿತ್ರ ಮಿಡಿದಂತೆ ಕಂಡರೆ ಅದು ಫ್ರೇಮ್ ದರದ ಹೊಂದಾಣಿಕೆಯ ಪ್ರಶ್ನೆ. ಸಿನಿಮಾಗಳನ್ನು ಸೆಕೆಂಡಿಗೆ 24 ಫ್ರೇಮ್‌ನಂತೆ ಚಿತ್ರೀಕರಿಸುತ್ತಾರೆ. 60 ಹರ್ಟ್ಸ್‌ನಲ್ಲಿ ಓಡುವ ಪರದೆ ಅದನ್ನು ಸಮನಾಗಿ ಹಂಚಲಾರದೆ ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸುತ್ತದೆ. ಫೈರ್ ಟಿವಿ, ಆ್ಯಪಲ್ ಟಿವಿ ಮತ್ತು ಹೊಸ ಆಂಡ್ರಾಯ್ಡ್ ಟಿವಿಗಳ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಮೂಲ ಫ್ರೇಮ್ ದರಕ್ಕೆ ಹೊಂದಿಸಿಕೊಳ್ಳುವ ಆಯ್ಕೆಯಿದೆ. ಅದನ್ನು ಚಾಲೂ ಮಾಡಿದರೆ ಈ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಕಣ್ಣಂದಾಜು ಸಾಲದೆಂದಾದರೆ ಅಳೆಯಲು ಒಂದು ಉಚಿತ ಸಾಧನ ಎಲ್ಲರ ಬಳಿಯೂ ಇದೆ. ಯೂಟ್ಯೂಬ್‌ನಲ್ಲಿ ವಿಡಿಯೊ ಓಡುತ್ತಿರುವಾಗ ಕಂಪ್ಯೂಟರ್‌ನಲ್ಲಾದರೆ ಮೌಸ್‌ನ ಬಲಗುಂಡಿ ಒತ್ತಿ, ಟಿವಿಯಲ್ಲಾದರೆ ಸೆಟ್ಟಿಂಗ್ಸ್ ಚಿಹ್ನೆಯೊಳಗೆ ಹೋಗಿ, ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆರಿಸಿಕೊಳ್ಳಿ. ಅದರಲ್ಲಿ ‘ಬಫರ್ ಹೆಲ್ತ್’ ಎಂಬ ಸಾಲು ಮುಂದಿನ ಎಷ್ಟು ಸೆಕೆಂಡುಗಳ ವಿಡಿಯೊ ಸಾಧನದೊಳಗೆ ಆಗಲೇ ಬಂದು ಕುಳಿತಿದೆ ಎಂದು ತೋರಿಸುತ್ತದೆ, ‘ಡ್ರಾಪ್ಡ್ ಫ್ರೇಮ್ಸ್’ ಎಂಬುದು ತೋರಿಸಲಾಗದೆ ಕೈಬಿಟ್ಟ ಫ್ರೇಮ್‌ಗಳ ಲೆಕ್ಕ ಕೊಡುತ್ತದೆ. ಬಫರ್ ಎಂಬುದು ಮನೆಯ ಮೇಲಿನ ನೀರಿನ ಟ್ಯಾಂಕಿನ ಹಾಗೆ. ಬೀದಿಯ ನಲ್ಲಿಯಲ್ಲಿ ನೀರು ಬಿಟ್ಟು ಬಿಟ್ಟು ಬಂದರೂ ಟ್ಯಾಂಕ್ ಬರಿದಾಗುವವರೆಗೆ ಅಡುಗೆಮನೆಯವರಿಗೆ ಅದು ಗೊತ್ತಾಗುವುದಿಲ್ಲ. ಬಫರ್ ಕುಸಿಯುತ್ತಾ ಸೊನ್ನೆಗೆ ಬಂದಾಗ ಚಿತ್ರ ನಿಂತರೆ ದೋಷ ಜಾಲದಲ್ಲಿದೆ. ಬಫರ್ ತುಂಬಿಕೊಂಡೇ ಇದ್ದು ಕೈಬಿಟ್ಟ ಫ್ರೇಮ್‌ಗಳ ಸಂಖ್ಯೆ ಏರುತ್ತಿದ್ದರೆ ದೋಷ ಸಾಧನದಲ್ಲಿದೆ. ನೀವು ನೇರವಾಗಿ 6ನೇ ಹೆಜ್ಜೆಗೆ ಹೋಗಬಹುದು.

ನೇರ ಪ್ರಸಾರದ ಕ್ರಿಕೆಟ್ ಮಾತ್ರ ತಡವರಿಸುತ್ತದೆ, ಸಿನಿಮಾಗಳೆಲ್ಲ ಚೆನ್ನಾಗಿ ಓಡುತ್ತವೆ ಎಂಬ ದೂರಿಗೂ ಉತ್ತರ ಇಲ್ಲೇ ಇದೆ. ಇನ್ನೂ ನಡೆಯದ ಆಟವನ್ನು ಮೊದಲೇ ತರಿಸಿಟ್ಟುಕೊಳ್ಳುವುದು ಸಾಧ್ಯವಿಲ್ಲವಾದ್ದರಿಂದ ನೇರ ಪ್ರಸಾರದ ಬಫರ್ ಚಿಕ್ಕದಾಗಿರುತ್ತದೆ, ಜಾಲದ ಸಣ್ಣ ಅಡಚಣೆಯೂ ಅದರಲ್ಲಿ ಮೊದಲು ಕಾಣಿಸುತ್ತದೆ.

ಹೆಜ್ಜೆ 2: ಎಷ್ಟು ಬೇಕು ಎಂಬ ಲೆಕ್ಕ ಹಾಕಿ

ನೆಟ್‌ಫ್ಲಿಕ್ಸ್ 1080ಪಿ ಗುಣಮಟ್ಟಕ್ಕೆ 5 ಎಂಬಿಪಿಎಸ್, 4ಕೆ ಗುಣಮಟ್ಟಕ್ಕೆ 15 ಎಂಬಿಪಿಎಸ್ ವೇಗವನ್ನು ಶಿಫಾರಸು ಮಾಡುತ್ತದೆ. ಯೂಟ್ಯೂಬ್ 4ಕೆಗೆ 20 ಎಂಬಿಪಿಎಸ್ ಎನ್ನುತ್ತದೆ. ಅಂದರೆ 50 ಎಂಬಿಪಿಎಸ್‌ನ ಲೈನ್ ಇರುವ ಮನೆಯಲ್ಲಿ ಒಂದು 4ಕೆ ಸಿನಿಮಾದ ಜೊತೆಗೆ ಮತ್ತೆರಡು ಕೋಣೆಗಳಲ್ಲಿ 1080ಪಿ ವಿಡಿಯೊ ಓಡಿದರೂ ಅರ್ಧದಷ್ಟು ಉಳಿಯುತ್ತದೆ. ಪ್ಲಾನ್ ಏರಿಸುವುದು ಕೊನೆಯ ಉಪಾಯವಾಗಬೇಕೆಂದು ಹೇಳಲು ಇದೇ ಕಾರಣ.

ಮನೆಯ ಕಂಪ್ಯೂಟರ್‌ನಲ್ಲೋ ಎನ್‌ಎಎಸ್ ಪೆಟ್ಟಿಗೆಯಲ್ಲೋ (ಮನೆಯ ಜಾಲಕ್ಕೆ ಜೋಡಿಸಿದ ಹಾರ್ಡ್‌ಡಿಸ್ಕ್ ಪೆಟ್ಟಿಗೆ) ಇಟ್ಟ ವಿಡಿಯೊಗಳನ್ನು ಪ್ಲೆಕ್ಸ್, ಜೆಲ್ಲಿಫಿನ್ ಅಥವಾ ವಿಎಲ್‌ಸಿ ತಂತ್ರಾಂಶದ ಮೂಲಕ ಟಿವಿಯಲ್ಲಿ ನೋಡುವವರಿಗೆ ಲೆಕ್ಕ ಬೇರೆಯೇ ಆಗುತ್ತದೆ. ಫೈಲಿನ ಗಾತ್ರವನ್ನು ಎಂಬಿಯಲ್ಲಿ (1 ಜಿಬಿಗೆ 1000 ಎಂಬಿ) ತೆಗೆದುಕೊಂಡು, 8ರಿಂದ ಗುಣಿಸಿ, ಅದು ಓಡುವ ಸೆಕೆಂಡುಗಳಿಂದ ಭಾಗಿಸಿದರೆ ಅದಕ್ಕೆ ಬೇಕಾದ ಸರಾಸರಿ ವೇಗ ಸಿಗುತ್ತದೆ. ಎರಡು ಗಂಟೆಯ, 4.5 ಜಿಬಿಯ ಸಿನಿಮಾಗೆ 5 ಎಂಬಿಪಿಎಸ್ ಸಾಕು. ಅಷ್ಟೇ ಹೊತ್ತಿನ 54 ಜಿಬಿಯ 4ಕೆ ಫೈಲಿಗೆ ಸರಾಸರಿ 60 ಎಂಬಿಪಿಎಸ್ ಬೇಕು, ಮಳೆ, ಹೊಗೆ, ಜನಜಂಗುಳಿ ಇರುವ ದೃಶ್ಯಗಳಲ್ಲಿ ಅದು 100ನ್ನು ದಾಟಬಹುದು. ಮದುವೆಯ ವಿಡಿಯೊಗಳ ವಿಷಯದಲ್ಲಿ ಹಲವರು ಇಲ್ಲೇ ಎಡವುತ್ತಾರೆ. ಐಫೋನಿನಲ್ಲಿ 4ಕೆ, 60 ಫ್ರೇಮ್‌ನಲ್ಲಿ ತೆಗೆದ ವಿಡಿಯೊ ನಿಮಿಷಕ್ಕೆ ಸುಮಾರು 400 ಎಂಬಿ ಆಗುತ್ತದೆ, ಅಂದರೆ 53 ಎಂಬಿಪಿಎಸ್. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದರ ಮೂರು ಪಟ್ಟಿಗಿಂತ ಹೆಚ್ಚು. ‘ನೆಟ್‌ಫ್ಲಿಕ್ಸ್ ಚೆನ್ನಾಗಿ ಓಡುತ್ತದೆ, ತಂಗಿಯ ಮದುವೆಯ ವಿಡಿಯೊ ಮಾತ್ರ ನಿಲ್ಲುತ್ತದೆ’ ಎಂಬುದು ಆದ್ದರಿಂದ ವಿಚಿತ್ರವೇನಲ್ಲ. ಒಟಿಟಿ ಸೇವೆಗಳು ಒಂದೇ ಸಿನಿಮಾವನ್ನು ಹಲವು ಗುಣಮಟ್ಟಗಳಲ್ಲಿ, ಕೆಲವೇ ಸೆಕೆಂಡುಗಳ ತುಂಡುಗಳಾಗಿ ಸಿದ್ಧವಾಗಿಟ್ಟಿರುವುದರಿಂದ ವೇಗ ಕುಸಿದಾಗ ಅವು ಮೊದಲು ಮಸುಕಾಗುತ್ತವೆ. ಮನೆಯ ಫೈಲಿಗೆ ಅಂಥ ಮೆಟ್ಟಿಲುಗಳಿಲ್ಲ. ಅದು ನೇರವಾಗಿ ನಿಂತುಬಿಡುತ್ತದೆ.

ಬಿಟ್ ಮತ್ತು ಬೈಟ್‌ಗಳ ಗೊಂದಲ ಬೇಡ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಕಂಪ್ಯೂಟರ್ ಫೈಲ್ ನಕಲು ಮಾಡುವಾಗ ಸೆಕೆಂಡಿಗೆ 6 ಎಂಬಿ ಎಂದು ತೋರಿಸಿದರೆ ಅದು 48 ಎಂಬಿಪಿಎಸ್.

ಹೆಜ್ಜೆ 3: ಹೊರಗಿನ ಲೈನೋ, ಮನೆಯ ಒಳಗೋ ಎಂದು ಬೇರ್ಪಡಿಸಿ

ಮನೆಯೊಳಗೇ ಇರುವ ವಿಡಿಯೊ ಫೈಲು ಟಿವಿಯಲ್ಲಿ ತಡವರಿಸಿದರೆ ಇಂಟರ್‌ನೆಟ್ ಕಂಪನಿಗೂ ಅದಕ್ಕೂ ಸಂಬಂಧವಿಲ್ಲ, ಈ ಹೆಜ್ಜೆಯನ್ನು ದಾಟಬಹುದು. ಒಟಿಟಿ ವಿಡಿಯೊ ತಡವರಿಸುತ್ತಿದ್ದರೆ ಲ್ಯಾಪ್‌ಟಾಪನ್ನು ರೌಟರ್‌ಗೆ ಕೇಬಲ್ ಮೂಲಕ ಜೋಡಿಸಿ, ವೈಫೈ ಆಫ್ ಮಾಡಿ, ವೇಗ ಪರೀಕ್ಷಿಸಿ. ಫಾಸ್ಟ್ ಡಾಟ್ ಕಾಮ್ ನೆಟ್‌ಫ್ಲಿಕ್ಸ್‌ನದೇ ಸರ್ವರ್‌ಗಳಿಂದ ವೇಗವನ್ನು ಅಳೆಯುವುದರಿಂದ ಈ ಕೆಲಸಕ್ಕೆ ಹೆಚ್ಚು ಸೂಕ್ತ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ಒಮ್ಮೆ ಅಳೆಯಿರಿ. ಬೆಳಿಗ್ಗೆ ಪೂರ್ತಿ ವೇಗ ಬಂದು ರಾತ್ರಿ ಕಾಲುಭಾಗಕ್ಕೆ ಇಳಿದರೆ, ಬಡಾವಣೆಯ ಎಲ್ಲರೂ ಒಂದೇ ಹೊತ್ತಿಗೆ ಟಿವಿ ಹಾಕುವುದರಿಂದ ಕಂಪನಿಯ ಕಡೆ ದಟ್ಟಣೆಯಾಗುತ್ತಿದೆ. ತಿಂಗಳ ಕೊನೆಯ ವಾರದಲ್ಲಿ ಮಾತ್ರ ಹೀಗಾಗುತ್ತಿದ್ದರೆ ಪ್ಲಾನಿನ ಎಫ್‌ಯುಪಿ ಮಿತಿ (ಇಷ್ಟು ಡೇಟಾ ಬಳಸಿದ ಮೇಲೆ ಕಂಪನಿ ವೇಗ ಇಳಿಸುವ ಮಿತಿ) ಮುಗಿದಿದೆಯೇ ಎಂದು ಕಂಪನಿಯ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ವೇಗದ ಪರೀಕ್ಷೆ ಹತ್ತಿಪ್ಪತ್ತು ಸೆಕೆಂಡುಗಳ ಸರಾಸರಿಯನ್ನಷ್ಟೇ ಹೇಳುತ್ತದೆ. ವಿಡಿಯೊಗೆ ಬೇಕಾದದ್ದು ಎರಡು ಗಂಟೆಗಳ ಸ್ಥಿರತೆ. ಅದನ್ನು ನೋಡಲು, ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಹಿಡಿದ ಹೊತ್ತನ್ನು ಅಳೆಯುವ ಪಿಂಗ್ ಆದೇಶವೇ ಸಾಕು. ವಿಂಡೋಸ್‌ನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ ಕಿಟಕಿಗಳನ್ನು ತೆರೆದು, ಒಂದರಲ್ಲಿ ನಿಮ್ಮ ರೌಟರ್‌ನ ವಿಳಾಸಕ್ಕೆ, ಇನ್ನೊಂದರಲ್ಲಿ 8.8.8.8 ಎಂಬ ಗೂಗಲ್ ವಿಳಾಸಕ್ಕೆ, ನಿಲ್ಲಿಸುವವರೆಗೂ ಓಡುತ್ತಿರುವ ‘ಮೈನಸ್ ಟಿ’ (-t) ಆಯ್ಕೆಯೊಂದಿಗೆ ಪಿಂಗ್ ಹಚ್ಚಿ ಬಿಡಿ. ರೌಟರ್‌ನ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ, ಐಪಿ ಕಾನ್ಫಿಗ್ (ipconfig) ಆದೇಶ ಕೊಟ್ಟರೆ ‘ಡಿಫಾಲ್ಟ್ ಗೇಟ್‌ವೇ’ ಎಂಬ ಸಾಲಿನಲ್ಲಿ ಕಾಣುತ್ತದೆ. ಈಗ ಲ್ಯಾಪ್‌ಟಾಪನ್ನು ಟಿವಿಯ ಪಕ್ಕಕ್ಕೆ ತಂದು ವೈಫೈಗೆ ಜೋಡಿಸಿ, ಟಿವಿಯಲ್ಲಿ ವಿಡಿಯೊ ಓಡಿಸಿ, ತಡವರಿಸುವ ಕ್ಷಣಕ್ಕಾಗಿ ಕಾಯಿರಿ. ಆ ಕ್ಷಣದಲ್ಲಿ ಎರಡೂ ಕಿಟಕಿಗಳಲ್ಲಿ ಅಂಕಿಗಳು ಕೆಲವು ಮಿಲಿಸೆಕೆಂಡುಗಳಿಂದ ನೂರಾರಕ್ಕೆ ಜಿಗಿದರೆ ಅಥವಾ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದರೆ ತೊಂದರೆ ವೈಫೈನಲ್ಲಿದೆ. ರೌಟರ್‌ನ ಕಿಟಕಿ ಶಾಂತವಾಗಿದ್ದು ಹೊರಗಿನದು ಮಾತ್ರ ಜಿಗಿದರೆ ತೊಂದರೆ ಲೈನಿನಲ್ಲಿದೆ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಪರೀಕ್ಷೆ ಮಾಡುವಷ್ಟು ತಾಳ್ಮೆ ನಿಮಗಿದ್ದರೆ, ಇದನ್ನು ಮಾಡಿ.

ಹೊರಗಿನ ಪಿಂಗ್ ಯಾವಾಗಲೂ ಜಿಗಿಯದೆ, ಮನೆಯಲ್ಲಿ ಯಾರಾದರೂ ಏನನ್ನಾದರೂ ಅಪ್‌ಲೋಡ್ ಮಾಡುವಾಗ ಮಾತ್ರ ಜಿಗಿಯುವುದೂ ಉಂಟು. ಸಂಜೆ ಮನೆಗೆ ಬಂದವರ ಫೋನ್ ತನ್ನಷ್ಟಕ್ಕೆ ಫೋಟೊಗಳನ್ನು ಬ್ಯಾಕಪ್ ಮಾಡತೊಡಗುತ್ತದೆ, ಗೇಟಿನ ಸಿಸಿಟಿವಿ ಕ್ಯಾಮೆರಾ ಕ್ಲೌಡ್‌ಗೆ ವಿಡಿಯೊ ಕಳಿಸುತ್ತಿರುತ್ತದೆ. ರೌಟರ್‌ನೊಳಗೆ ಹೊರಹೋಗುವ ಡೇಟಾದ ಉದ್ದನೆಯ ಸರದಿ ಕಟ್ಟಿ, ವಿಡಿಯೊದ ಮುಂದಿನ ತುಂಡನ್ನು ಕೇಳುವ ಪುಟ್ಟ ಸಂದೇಶವೂ ಆ ಸರದಿಯ ಹಿಂದೆಯೇ ನಿಲ್ಲಬೇಕಾಗುತ್ತದೆ. ಬಫರ್‌ಬ್ಲೋಟ್ ಎಂದು ಕರೆಯುವ ಈ ದೋಷಕ್ಕೆ ಪ್ಲಾನಿನ ವೇಗ ಕಾರಣವಲ್ಲ. ಬ್ಯಾಕಪ್ಪನ್ನು ನಡುರಾತ್ರಿಗೆ ಹಾಕುವುದು ಸುಲಭದ ಪರಿಹಾರ. ರೌಟರ್‌ನಲ್ಲಿ ಆ ಸರದಿ ಉದ್ದವಾಗದಂತೆ ನೋಡಿಕೊಳ್ಳುವ ಎಸ್‌ಕ್ಯೂಎಂ ಸೌಲಭ್ಯವಿದ್ದರೆ ಲೈನಿನ ನಿಜವಾದ ವೇಗದ ಶೇ 85ರಿಂದ 95ರಷ್ಟನ್ನು ಮಿತಿಯಾಗಿ ಕೊಟ್ಟು ಅದನ್ನು ಚಾಲೂ ಮಾಡುವುದು ಶಾಶ್ವತ ಪರಿಹಾರ. ಓಪನ್‌ಡಬ್ಲ್ಯೂಆರ್‌ಟಿ ತಂತ್ರಾಂಶ ಹಾಕಬಹುದಾದ ರೌಟರ್‌ಗಳಲ್ಲಿ ಇದು ಉಚಿತವಾಗಿ ಸಿಗುತ್ತದೆ.

ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದರೆ ವಿಡಿಯೊ ವೇಗವಾಗುತ್ತದೆ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಓಡುತ್ತಿರುವ ವಿಡಿಯೊ ನಡುವೆ ನಿಲ್ಲುವುದಕ್ಕೂ ಡಿಎನ್‌ಎಸ್‌ಗೂ ಸಂಬಂಧ ತೀರಾ ಕಡಿಮೆ. ಹತ್ತಿರದ ಸರ್ವರ್ ಬಿಟ್ಟು ದೂರದ ಸರ್ವರ್‌ಗೆ ಜೋಡಣೆಯಾಗಿ ಕೆಲವೊಮ್ಮೆ ಅದರಿಂದ ಕೆಡುಕೂ ಆಗುತ್ತದೆ.

ಹೆಜ್ಜೆ 4: ವೈಫೈಯನ್ನು ಸರಿಪಡಿಸಿ

ನನ್ನ ಅನುಭವದಲ್ಲಿ ಹೆಚ್ಚಿನ ದೋಷಗಳು ಸಿಕ್ಕಿಬೀಳುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ಅವಸರ ಬೇಡ.

ಮೊದಲು ಟಿವಿ ಯಾವ ವೈಫೈ ಬ್ಯಾಂಡಿನಲ್ಲಿ, ಅಂದರೆ ಯಾವ ರೇಡಿಯೊ ಆವರ್ತನದ ಪಟ್ಟಿಯಲ್ಲಿದೆ ಎಂದು ನೋಡಿ. 2.4 ಗಿಗಾಹರ್ಟ್ಸ್ ಬ್ಯಾಂಡ್ ದೂರಕ್ಕೆ ಹೋಗುತ್ತದೆ, ಗೋಡೆಗಳನ್ನು ದಾಟುತ್ತದೆ; ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಿಂತು ಫೋನಿನ ವೈಫೈ ಪಟ್ಟಿ ತೆರೆದರೆ ಹತ್ತಾರು ಹೆಸರುಗಳು ಕಾಣುತ್ತವೆ; ಅವೆಲ್ಲವೂ ಈ ಮೂರು ಚಾನೆಲ್‌ಗಳನ್ನೇ ಹಂಚಿಕೊಂಡು ಸರದಿಯಲ್ಲಿ ಮಾತನಾಡಬೇಕು. ಬ್ಲೂಟೂತ್ ಕೂಡ ಅದೇ ಬ್ಯಾಂಡಿನಲ್ಲಿದೆ, ಮೈಕ್ರೋವೇವ್ ಓವನ್ ಕೂಡ ಅಲ್ಲೇ ಸದ್ದು ಮಾಡುತ್ತದೆ. ಎನ್‌ಎಎಸ್ ಅಥವಾ ಕಂಪ್ಯೂಟರ್‌ಗೆ ಜೋಡಿಸಿದ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಮತ್ತು ಅದರ ಕೇಬಲ್ ಕೂಡ ಇದೇ ಬ್ಯಾಂಡಿನಲ್ಲಿ ಅಡಚಣೆ ಮಾಡುತ್ತವೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ; ಡಿಸ್ಕನ್ನು ರೌಟರ್‌ನ ಮೇಲೆ ಇಡುವುದನ್ನು ಇಂದೇ ನಿಲ್ಲಿಸಿ. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು ಧಾರಾಳವಾಗಿವೆ, ವೇಗವೂ ಹೆಚ್ಚು, ಆದರೆ ಗೋಡೆಗಳೆದುರು ಅದು ಬೇಗ ಸೋಲುತ್ತದೆ. ಟಿವಿ ಮತ್ತು ರೌಟರ್ ಒಂದೇ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಇದ್ದರೆ ಟಿವಿಯನ್ನು 5ಕ್ಕೆ ಹಾಕಿ. ಎರಡೂ ಬ್ಯಾಂಡ್‌ಗಳಿಗೆ ಒಂದೇ ಹೆಸರಿದ್ದರೆ ಟಿವಿ ಎಷ್ಟೋ ಸಲ 2.4ನ್ನೇ ಹಿಡಿದುಕೊಂಡು ಕೂರುತ್ತದೆ. ಬ್ರೌಸರಿನಲ್ಲಿ ರೌಟರ್‌ನ ವಿಳಾಸ ಕೊಟ್ಟು ಅದರ ಪುಟಕ್ಕೆ ಹೋಗಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಟ್ಟು, ಟಿವಿಗೆ ಅದೊಂದನ್ನೇ ಪರಿಚಯಿಸಿ, ಹಳೆಯದನ್ನು ಮರೆಸಿಬಿಡಿ.

ಎರಡನೆಯದು ಜಾಗ. ನಮ್ಮ ಮನೆಗಳಲ್ಲಿ ರೌಟರ್ ಇರುವುದು ಫೈಬರ್ ಎಳೆಯಲು ಬಂದವರಿಗೆ ಸುಲಭವಾದ ಜಾಗದಲ್ಲಿ. ಬಾಗಿಲಿನ ಮೇಲೆ, ಮೀಟರ್ ಬೋರ್ಡಿನ ಪಕ್ಕದಲ್ಲಿ, ಇಲ್ಲವೇ ನೋಡಲು ಚೆನ್ನಾಗಿರಲೆಂದು ಶೋಕೇಸಿನ ಒಳಗೆ, ಟಿವಿಯ ಬೆನ್ನಿಗೆ. ಟಿವಿಯ ಹಿಂಭಾಗದ ಲೋಹದ ತಗಡು, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರು ತುಂಬಿದ ಟ್ಯಾಂಕು ಅಥವಾ ಅಕ್ವೇರಿಯಂ ಇವೆಲ್ಲ ಸಂಕೇತವನ್ನು ತಡೆಯುತ್ತವೆ. ಕರಾವಳಿಯ ಹಳೆಯ ಮನೆಗಳ ದಪ್ಪ ಮುರಕಲ್ಲಿನ ಗೋಡೆ ಮತ್ತು ಎಲ್ಲೆಡೆಯ ಆರ್‌ಸಿಸಿ ಸ್ಲ್ಯಾಬುಗಳ ಮುಂದೆ 5 ಗಿಗಾಹರ್ಟ್ಸ್ ಹೆಚ್ಚು ದೂರ ಹೋಗಲಾರದು. ರೌಟರನ್ನು ಮನೆಯ ನಡುಭಾಗದಲ್ಲಿ, ತೆರೆದ ಜಾಗದಲ್ಲಿ, ತಲೆಯ ಎತ್ತರಕ್ಕೆ ಇಡಿ. ಒಎನ್‌ಟಿ (ಫೈಬರ್ ಎಳೆ ಬಂದು ಸೇರುವ ಪೆಟ್ಟಿಗೆ) ಮತ್ತು ರೌಟರ್ ಬೇರೆ ಬೇರೆ ಪೆಟ್ಟಿಗೆಗಳಾಗಿದ್ದರೆ ಕೆಲಸ ಸುಲಭ: ಒಎನ್‌ಟಿ ಇದ್ದಲ್ಲೇ ಇರಲಿ, ಅದರಿಂದ ಉದ್ದದ ಲ್ಯಾನ್ ಕೇಬಲ್ ಎಳೆದು ರೌಟರನ್ನು ಮಾತ್ರ ಒಳಗೆ ತನ್ನಿ. ಫೈಬರ್ ಎಳೆಯನ್ನು ನೀವೇ ಬಗ್ಗಿಸಿ ಎಳೆಯಲು ಹೋಗಬೇಡಿ.

ಫಲಿತಾಂಶವನ್ನು ಅಂಕಿಯಲ್ಲಿ ನೋಡಿ, ಫೋನಿನ ಮೇಲಿನ ಗೀಟುಗಳನ್ನು ನಂಬಬೇಡಿ. ವೈಫೈ ಅನಲೈಸರ್ ಬಗೆಯ ಉಚಿತ ಆ್ಯಪ್ ಹಾಕಿಕೊಂಡು ಫೋನನ್ನು ಟಿವಿಯ ಪಕ್ಕ ಹಿಡಿದರೆ ಸಂಕೇತದ ಬಲ ಡಿಬಿಎಂ ಎಂಬ ಋಣ ಸಂಖ್ಯೆಯಲ್ಲಿ ಕಾಣುತ್ತದೆ. ಮೈನಸ್ 50ರ ಆಸುಪಾಸು ಬಹಳ ಒಳ್ಳೆಯದು, ಮೈನಸ್ 67ರವರೆಗೆ ವಿಡಿಯೊ ನೆಮ್ಮದಿಯಾಗಿ ಓಡುತ್ತದೆ, ಮೈನಸ್ 70 ದಾಟಿ ಇನ್ನೂ ಕೆಳಗಿಳಿದರೆ ತೊಂದರೆ ಶುರುವಾಗುತ್ತದೆ. ಫೋನಿನಲ್ಲಿ ಮೈನಸ್ 55 ಇದ್ದರೂ ಟಿವಿಯ ಹಿಂಬದಿಗೆ ಚುಚ್ಚಿದ ಸ್ಟಿಕ್‌ಗೆ ಅದಕ್ಕಿಂತ ದುರ್ಬಲವಾದ ಸಂಕೇತ ಸಿಗುವುದು ಸಹಜ, ಏಕೆಂದರೆ ಅದು ಲೋಹ ಮತ್ತು ಗೋಡೆಯ ನಡುವಿನ ಸಂದಿಯಲ್ಲಿದೆ. ಫೈರ್ ಟಿವಿ ಸ್ಟಿಕ್‌ನ ಪೆಟ್ಟಿಗೆಯಲ್ಲಿ ಬರುವ ಗಿಡ್ಡ ಎಚ್‌ಡಿಎಂಐ ತುಂಡನ್ನು ಬಹುಪಾಲು ಜನ ಬಿಸಾಡುತ್ತಾರೆ. ಸ್ಟಿಕ್ಕನ್ನು ಟಿವಿಯಿಂದ ಹೊರಗೆ ಚಾಚಿಸಿ ವೈಫೈ ಸುಧಾರಿಸುವುದೇ ಅದರ ಕೆಲಸ.

ಮೂರನೆಯದು ಚಾನೆಲ್. ಅದೇ ಆ್ಯಪ್ ನೆರೆಹೊರೆಯವರು ಯಾವ ಚಾನೆಲ್‌ಗಳಲ್ಲಿ ಗುಂಪುಗೂಡಿದ್ದಾರೆ ಎಂದೂ ತೋರಿಸುತ್ತದೆ. 2.4ರಲ್ಲಿ 1, 6, 11ರ ಪೈಕಿ ಬಿಡುವಾಗಿರುವುದನ್ನು ಆರಿಸಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಸೀಮಿತಗೊಳಿಸಿ. ನೆರೆಯವರನ್ನು ತಪ್ಪಿಸಲು 3 ಅಥವಾ 8ನ್ನು ಆರಿಸುವುದು ಜಾಣತನದಂತೆ ಕಂಡರೂ, ಅದರಿಂದ ಎರಡೂ ಬದಿಯವರ ಗದ್ದಲ ನಿಮ್ಮ ಮೇಲೆ ಬೀಳುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್‌ಗಳೊಂದಿಗೆ ಹಂಚಿಕೊಳ್ಳಬೇಕಾಗಿರುವುದರಿಂದ, ರೇಡಾರ್ ಸಂಕೇತ ಕೇಳಿಸಿತೆಂದು ಅನಿಸಿದೊಡನೆ ಅನೇಕ ರೌಟರ್‌ಗಳು ಚಾನೆಲ್ ಬಿಟ್ಟುಕೊಟ್ಟು ಬೇರೆಡೆಗೆ ಹೋಗುತ್ತವೆ. ದಿನವಿಡೀ ಚೆನ್ನಾಗಿದ್ದು, ಆಗೊಮ್ಮೆ ಈಗೊಮ್ಮೆ ವೈಫೈ ಪೂರ್ತಿ ಮಾಯವಾಗಿ ಒಂದು ನಿಮಿಷದಲ್ಲಿ ಮರಳುತ್ತಿದ್ದರೆ, ಚಾನೆಲ್ಲನ್ನು 36ರಿಂದ 48 ಅಥವಾ 149ರಿಂದ 161ರ ಒಳಗೆ ಸ್ಥಿರಗೊಳಿಸಿ ನೋಡಿ.

ನಾಲ್ಕನೆಯದು ವೈಫೈ ಗಾಳಿಯಲ್ಲಿ ಎರಡು ಸಲ ಪ್ರಯಾಣ ಮಾಡುವ ವಿಡಿಯೊ. ಲ್ಯಾಪ್‌ಟಾಪಿನಲ್ಲಿರುವ ಸಿನಿಮಾವನ್ನು ಟಿವಿಗೆ ಕಳಿಸುವಾಗ ಎರಡೂ ವೈಫೈನಲ್ಲಿದ್ದರೆ ಪ್ರತಿಯೊಂದು ಪ್ಯಾಕೆಟ್ಟೂ ಮೊದಲು ಲ್ಯಾಪ್‌ಟಾಪಿನಿಂದ ರೌಟರ್‌ಗೆ, ಆಮೇಲೆ ರೌಟರ್‌ನಿಂದ ಟಿವಿಗೆ, ಅದೇ ಚಾನೆಲ್ಲಿನಲ್ಲಿ ಎರಡು ಸಲ ಹೋಗಬೇಕು. ಕೈಗೆ ಸಿಗುವ ವೇಗ ಅರ್ಧವಾಗುತ್ತದೆ. ವಿಡಿಯೊ ಇಟ್ಟಿರುವ ಯಂತ್ರವನ್ನಾದರೂ ಕೇಬಲ್‌ನಿಂದ ರೌಟರ್‌ಗೆ ಜೋಡಿಸಿದರೆ ಒಂದು ಪ್ರಯಾಣ ತಪ್ಪುತ್ತದೆ. ಫೋನಿನ ಪರದೆಯನ್ನೇ ಟಿವಿಯಲ್ಲಿ ಪ್ರತಿಬಿಂಬಿಸುವ ಮಿರರಿಂಗ್ ಕೂಡ ಇಂಥದೇ: ಫೋನು ವಿಡಿಯೊವನ್ನು ಇಳಿಸಿಕೊಂಡು, ಬಿಡಿಸಿ, ಮತ್ತೆ ಕುಗ್ಗಿಸಿ ಟಿವಿಗೆ ಕಳಿಸಬೇಕು. ಆ್ಯಪ್‌ನೊಳಗಿನ ಕಾಸ್ಟ್ ಗುಂಡಿ ಒತ್ತಿದರೆ ವಿಡಿಯೊದ ವಿಳಾಸ ಮಾತ್ರ ಟಿವಿಗೆ ಹೋಗಿ, ಉಳಿದದ್ದನ್ನು ಟಿವಿ ನೇರವಾಗಿ ತರಿಸಿಕೊಳ್ಳುತ್ತದೆ. ಕಾಸ್ಟ್ ಇರುವಲ್ಲಿ ಮಿರರಿಂಗ್ ಮಾಡಬೇಡಿ.

ರಿಪೀಟರ್‌ಗಳ ಬಗ್ಗೆಯೂ ಇದೇ ಮಾತು. ಒಂದೇ ಬ್ಯಾಂಡಿನಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುವ ಅಗ್ಗದ ರಿಪೀಟರ್ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ಸಂಕೇತವೇ ಸಿಗದ ಮೂಲೆಯಲ್ಲಿ ಅದನ್ನು ಇಟ್ಟರೆ ಪುನರಾವರ್ತಿಸಲು ಅದಕ್ಕೆ ಏನೂ ಇರುವುದಿಲ್ಲ. ರೌಟರ್ ಮತ್ತು ಟಿವಿಯ ನಡುದಾರಿಯಲ್ಲಿ ಇಡಬೇಕು. ಅದಕ್ಕಿಂತ ಒಳ್ಳೆಯ ದಾರಿ ಅಟ್ಟದ ಮೇಲೆ ಬಿದ್ದಿರುವ ಹಳೆಯ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ, ಅಂದರೆ ಕೇಬಲ್‌ನಲ್ಲಿ ಬಂದ ಜಾಲವನ್ನು ವೈಫೈ ಆಗಿ ಹರಡುವ ಪೆಟ್ಟಿಗೆಯಾಗಿ ಬಳಸುವುದು. ಅದರ ವಿಳಾಸವನ್ನು ಮುಖ್ಯ ರೌಟರ್‌ನದಕ್ಕೆ ತಗಲದಂತೆ (ಮುಖ್ಯ ರೌಟರ್‌ನದು 192.168.1.1 ಆಗಿದ್ದರೆ) 192.168.1.2 ಎಂದು ಬದಲಿಸಿ, ಮುಖ್ಯ ರೌಟರ್ ಈ ವಿಳಾಸವನ್ನು ಬೇರೆ ಯಾವ ಸಾಧನಕ್ಕೂ ಕೊಡದಂತೆ ನೋಡಿಕೊಳ್ಳಿ. ಹಳೆಯದರಲ್ಲಿ ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ, ವೈಫೈಗೆ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ನಂತರ ಮುಖ್ಯ ರೌಟರ್‌ನ ಲ್ಯಾನ್ ಪೋರ್ಟಿನಿಂದ ಎಳೆದ ಕೇಬಲ್ಲನ್ನು ಹಳೆಯದರ ಲ್ಯಾನ್ ಪೋರ್ಟಿಗೇ ಚುಚ್ಚಿ. ವ್ಯಾನ್ ಎಂದು ಬರೆದ ಪೋರ್ಟನ್ನು ಖಾಲಿ ಬಿಡಿ. ಮಹಡಿ ಮನೆಗಳಿಗೆ ಇದಕ್ಕಿಂತ ಕಡಿಮೆ ಖರ್ಚಿನ, ಇದಕ್ಕಿಂತ ಗಟ್ಟಿಯಾದ ಪರಿಹಾರ ನನಗೆ ತಿಳಿದಿಲ್ಲ.

ಹೆಜ್ಜೆ 5: ಸಾಧ್ಯವಾದರೆ ಕೇಬಲ್ ಎಳೆಯಿರಿ

ಟಿವಿ ಎಂಬುದು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ವಸ್ತು. ಅಲ್ಲಾಡದ ವಸ್ತುವಿಗೆ ವೈಫೈ ಏಕೆ ಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಕ್ಯಾಟ್ 5ಇ ದರ್ಜೆಯ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ, ಮನೆಗೆ ಅದು ಸಾಕು. ಕೊಳ್ಳುವಾಗ ಒಳಗಿನ ತಂತಿ ಪೂರ್ತಿ ತಾಮ್ರದ್ದೇ ಎಂದು ಕೇಳಿ ತೆಗೆದುಕೊಳ್ಳಿ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ತಂತಿಯ ಕೇಬಲ್ ಅಗ್ಗ, ಆದರೆ ಬೇಗ ಮುರಿಯುತ್ತದೆ. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿಗಳು ಬೇಕು, 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಆದ್ದರಿಂದ ಕನೆಕ್ಟರ್‌ನೊಳಗೆ ಒಂದು ತಂತಿ ಸಡಿಲವಾದರೂ ಜೋಡಣೆ ಕಡಿಯದೆ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಕಂಪ್ಯೂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ ಸ್ಪೀಡ್’ 1000 ಎಂದಿದೆಯೋ 100 ಎಂದಿದೆಯೋ ನೋಡಿದರೆ ಇದು ತಿಳಿಯುತ್ತದೆ.

ಒಂದು ಎಚ್ಚರಿಕೆ. ಹೊಸ 4ಕೆ ಟಿವಿಗಳಲ್ಲಿಯೂ ಹಲವಕ್ಕೆ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು. ನಿಜವಾಗಿ ಸಿಗುವುದು 95ರ ಒಳಗೆ. ಒಟಿಟಿಗೆ ಅದು ಬೇಕಾದಷ್ಟಾಯಿತು. ಆದರೆ 2ನೇ ಹೆಜ್ಜೆಯಲ್ಲಿ ಹೇಳಿದ 54 ಜಿಬಿಯ ಫೈಲು ಗದ್ದಲದ ದೃಶ್ಯಗಳಲ್ಲಿ ಅಲ್ಲೂ ನಿಲ್ಲಬಹುದು. ಅಂಥ ಫೈಲುಗಳಿಗೆ ಹತ್ತಿರದ 5 ಗಿಗಾಹರ್ಟ್ಸ್ ವೈಫೈಯೇ ಮೇಲು, ಇಲ್ಲವೇ ಗಿಗಾಬಿಟ್ ಪೋರ್ಟ್ ಇರುವ ಪ್ರತ್ಯೇಕ ಪ್ಲೇಯರ್ ಬೇಕು.

ಹೆಜ್ಜೆ 6: ಸರ್ವರ್ ಮತ್ತು ಪ್ಲೇಯರ್ ನೋಡಿ

ಪ್ಲೆಕ್ಸ್ ಅಥವಾ ಜೆಲ್ಲಿಫಿನ್ ಬಳಸುವವರು, ತಡವರಿಸುವ ಹೊತ್ತಿಗೆ ಸರ್ವರ್‌ನ ಡ್ಯಾಶ್‌ಬೋರ್ಡ್ ತೆರೆಯಬೇಕು. ಅಲ್ಲಿ ‘ಡೈರೆಕ್ಟ್ ಪ್ಲೇ’ ಎಂದಿದ್ದರೆ ಫೈಲು ಇದ್ದ ಹಾಗೆಯೇ ಹೋಗುತ್ತಿದೆ. ‘ಟ್ರಾನ್ಸ್‌ಕೋಡ್’ ಎಂದಿದ್ದರೆ, ಟಿವಿಗೆ ಅರ್ಥವಾಗದ ಏನೋ ಒಂದು ಫೈಲಿನೊಳಗಿದ್ದು, ಸರ್ವರ್ ಅದನ್ನು ಓಡುತ್ತಿರುವಂತೆಯೇ ಬೇರೆ ರೂಪಕ್ಕೆ ಪರಿವರ್ತಿಸುತ್ತಿದೆ. ಹಳೆಯ ಕಂಪ್ಯೂಟರಿಗೂ ಅಗ್ಗದ ಎನ್‌ಎಎಸ್‌ಗೂ 4ಕೆ ವಿಡಿಯೊದ ಪರಿವರ್ತನೆ ಮೀರಿದ ಭಾರ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ. ವಿಡಿಯೊವನ್ನು ಕುಗ್ಗಿಸಿದ ಎಚ್‌ಇವಿಸಿ ಅಥವಾ ಎವಿ1 ಕೋಡೆಕ್ (ಕುಗ್ಗಿಸುವ ವಿಧಾನ) ಟಿವಿಗೆ ಬಾರದಿರಬಹುದು. ಧ್ವನಿ ಡಿಟಿಎಸ್ ರೂಪದಲ್ಲಿದ್ದು ಟಿವಿ ಅದನ್ನು ಒಪ್ಪದಿರಬಹುದು. ಆಗ ಧ್ವನಿಯನ್ನಷ್ಟೇ ಬದಲಿಸಿದರೆ ಸಾಕು, ಭಾರ ಕಡಿಮೆ. ಮೂರನೆಯದು ಯಾರೂ ಊಹಿಸದ ಸಬ್‌ಟೈಟಲ್. ಬ್ಲೂರೇ ಡಿಸ್ಕಿನಿಂದ ಬಂದ ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಚಿತ್ರಗಳು. ಅವನ್ನು ಬಿಡಿಸಲಾರದ ಟಿವಿಗೆ ಸರ್ವರ್ ಪ್ರತಿ ಫ್ರೇಮಿನ ಮೇಲೂ ಅಂಟಿಸಿ ಕಳಿಸಬೇಕು. ಸಬ್‌ಟೈಟಲ್ ಆಫ್ ಮಾಡಿ ನೋಡಿ. ವಿಡಿಯೊ ಸರಾಗವಾದರೆ ಕಳ್ಳ ಸಿಕ್ಕ, ಅದರ ಬದಲು ಎಸ್‌ಆರ್‌ಟಿ ರೂಪದ ಅಕ್ಷರ ಸಬ್‌ಟೈಟಲ್ ಹಾಕಿ. ಕನ್ನಡ ಸಬ್‌ಟೈಟಲ್ ಬಳಸುವವರು, ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲದೆ ಬರೀ ಚೌಕಗಳು ಕಾಣುತ್ತವೆಂದು ಚಿತ್ರದೊಳಗೇ ಅಂಟಿಸುವ ಆಯ್ಕೆಯನ್ನು ಹಾಕಿಟ್ಟಿದ್ದರೆ, ಅದರ ಬೆಲೆ ಇದೇ.

ಪ್ಲೆಕ್ಸ್‌ನ ಟಿವಿ ಆ್ಯಪ್‌ನಲ್ಲಿ ಮನೆಯೊಳಗಿನ ಗುಣಮಟ್ಟ ‘ಒರಿಜಿನಲ್’ ಎಂದಿರಬೇಕು. ಯಾವುದೋ ಕಾಲದಲ್ಲಿ ಯಾರೋ 720ಪಿ ಎಂದು ಇಟ್ಟಿದ್ದರೆ ಪ್ರತಿಯೊಂದು ಫೈಲೂ ಸುಮ್ಮನೆ ಪರಿವರ್ತನೆಯಾಗುತ್ತಿರುತ್ತದೆ. ವಿಎಲ್‌ಸಿಯಲ್ಲಿ ನೋಡುವವರು ನೆಟ್‌ವರ್ಕ್ ಕ್ಯಾಶಿಂಗ್ ಅವಧಿಯನ್ನು ಮೂಲದ 1000 ಮಿಲಿಸೆಕೆಂಡಿನಿಂದ 3000ಕ್ಕೆ ಏರಿಸಿ ನೋಡಬಹುದು. ಇದು ವೈಫೈನ ಚಿಕ್ಕಪುಟ್ಟ ಎಡವಟ್ಟುಗಳನ್ನು ಮುಚ್ಚುತ್ತದೆ, ವೇಗವೇ ಇಲ್ಲದಿದ್ದರೆ ಏನನ್ನೂ ಮಾಡಲಾರದು.

ಟಿವಿಯೇ ದುರ್ಬಲವಾಗಿದ್ದರೆ ಉಪಾಯಗಳು ಕಡಿಮೆ. ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ. ರಿಮೋಟಿನಲ್ಲಿ ಆಫ್ ಮಾಡುವುದು ನಿಜವಾದ ರೀಸ್ಟಾರ್ಟ್ ಅಲ್ಲ. ಬಳಸದ ಆ್ಯಪ್‌ಗಳನ್ನು ತೆಗೆದು ಮೆಮೊರಿಯಲ್ಲಿ ಜಾಗ ಮಾಡಿ. ಸ್ಟಿಕ್‌ಗೆ ಟಿವಿಯ ಯುಎಸ್‌ಬಿ ಕಿಂಡಿಯಿಂದ ವಿದ್ಯುತ್ ಕೊಡುತ್ತಿದ್ದರೆ ಅದರ ಜೊತೆ ಬಂದ ಅಡಾಪ್ಟರಿಗೆ ಬದಲಿಸಿ, ಏಕೆಂದರೆ ಆ ಕಿಂಡಿಯಿಂದ ಸಾಕಷ್ಟು ವಿದ್ಯುತ್ ಸಿಗದೆ ಸ್ಟಿಕ್ ತಡವರಿಸುವುದುಂಟು. ಇಷ್ಟಾದರೂ ಫ್ರೇಮ್ ಬೀಳುತ್ತಿದ್ದರೆ ಟಿವಿ ಬದಲಿಸುವ ಅಗತ್ಯವಿಲ್ಲ. ಒಳ್ಳೆಯ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಚುಚ್ಚಿದರೆ ಟಿವಿ ಬರೀ ಪರದೆಯಾಗಿ ಉಳಿಯುತ್ತದೆ.

ಹೆಜ್ಜೆ 7: ಕಂಪನಿಗೆ ದೂರು ಕೊಡುವುದಾದರೆ

3ನೇ ಹೆಜ್ಜೆಯಲ್ಲಿ ದೋಷ ಹೊರಗಿನ ಲೈನಿನಲ್ಲಿದೆ ಎಂದು ಗೊತ್ತಾದವರಿಗಷ್ಟೇ ಇದು. ಮೊದಲು ಒಎನ್‌ಟಿಯ ದೀಪಗಳನ್ನು ನೋಡಿ: ‘ಲಾಸ್’ ಎಂಬ ಕೆಂಪು ದೀಪ ಹತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಬೆಳಕಿನ ಸಂಕೇತವೇ ಬರುತ್ತಿಲ್ಲ. ದೀಪ ಸರಿಯಾಗಿದ್ದರೂ ಒಎನ್‌ಟಿಯ ಪುಟದಲ್ಲಿ ಬಂದು ತಲುಪುವ ಬೆಳಕಿನ ಬಲವನ್ನು ಹೇಳುವ ‘ಆರ್‌ಎಕ್ಸ್ ಪವರ್’ ಎಂಬ ಅಂಕಿ ಇರುತ್ತದೆ. ಅದು ಮೈನಸ್ 15ರಿಂದ ಮೈನಸ್ 25 ಡಿಬಿಎಂ ನಡುವೆ ಇದ್ದರೆ ಚಿಂತೆಯಿಲ್ಲ. ಮೈನಸ್ 27ರ ಹತ್ತಿರ ಬಂದರೆ ಎಲ್ಲೋ ಎಳೆ ಬಾಗಿದೆ ಅಥವಾ ಜೋಡಣೆಯಲ್ಲಿ ಧೂಳು ಕುಳಿತಿದೆ.

ದೂರು ಕೊಡುವಾಗ ‘ನೆಟ್ ಸ್ಲೋ ಇದೆ’ ಎಂದರೆ ಬರುವ ಉತ್ತರ ರೌಟರ್ ಆಫ್ ಮಾಡಿ ಮತ್ತೆ ಹಾಕಿ ಎಂಬುದೊಂದೇ. ಅದರ ಬದಲು ಕೇಬಲ್ ಮೂಲಕ ಅಳೆದ ವೇಗ, ಅಳೆದ ದಿನಾಂಕ ಮತ್ತು ಹೊತ್ತು, ರೌಟರ್‌ಗೆ ಮತ್ತು ಹೊರಗೆ ಮಾಡಿದ ಪಿಂಗ್‌ಗಳ ಚಿತ್ರ, ಆರ್‌ಎಕ್ಸ್ ಪವರ್‌ನ ಅಂಕಿ, ಇವನ್ನು ಬರಹದಲ್ಲಿ ಕೊಡಿ. ವೈಫೈನಲ್ಲಿ ಅಳೆದ ವೇಗವನ್ನು ಕೊಡಬೇಡಿ, ಅದನ್ನು ಅವರು ಒಪ್ಪುವುದಿಲ್ಲ, ಒಪ್ಪದಿರುವುದು ಸರಿಯೂ ಹೌದು. ದೂರಿಗೆ ಡಾಕೆಟ್ ಸಂಖ್ಯೆ ಪಡೆದುಕೊಂಡು ಇಟ್ಟುಕೊಳ್ಳಿ. ದೂರು ಪರಿಹಾರವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಾವಳಿಯಲ್ಲಿ ಅವಕಾಶವಿದೆ, ಅಲ್ಲಿ ಮೊದಲು ಕೇಳುವುದು ಈ ಸಂಖ್ಯೆಯನ್ನೇ. ತಂತ್ರಜ್ಞರು ಮನೆಗೆ ಬಂದಾಗ ಅವರ ಮುಂದೆಯೇ ಕೇಬಲ್ ಜೋಡಿಸಿ ಮತ್ತೊಮ್ಮೆ ವೇಗ ಅಳೆಯಿರಿ. ಸಂಜೆ ಮಾತ್ರ ಕಾಣುವ ದೋಷವಾಗಿದ್ದರೆ ಬೆಳಗಿನ ಭೇಟಿಯನ್ನು ಒಪ್ಪಿಕೊಳ್ಳದೆ ಸಂಜೆಯ ಹೊತ್ತನ್ನೇ ಕೇಳಿ.